ಬಿಳಿ ಗೋಡೆಗೆ ಗುರಿಯಿಟ್ಟವಳು

ಮೊದಲು ಕೇಳಿಸುತ್ತಿದ್ದುದು ಒಂದು ಉಸಿರು. ಹೊರಗೆ ಬಿಡುವ ಉಸಿರಲ್ಲ, ಒಳಗೆ ಎಳೆದುಕೊಳ್ಳುವುದು. ಬಿಸಿ ಪಾತ್ರೆಗೆ ಬೆರಳು ತಾಗಿದವರು ಥಟ್ಟನೆ ಎಳೆದುಕೊಳ್ಳುತ್ತಾರಲ್ಲ, ಅಂಥದ್ದು. ಬೆಳಗಿನ ಆರು ಗಂಟೆಗೆ ಡೇರೆಯ ಬಟ್ಟೆಯಾಚೆ ಅದು ಕೇಳಿಸಿತೆಂದರೆ ಆಸ್ಲೌಗ್ ಎದ್ದಿದ್ದಾಳೆ, ಬಂಡೆಯ ಅಂಚಿಗೆ ಹೋಗಿ ದೋಣಿಯ ಹಗ್ಗವನ್ನು ಜಗ್ಗಿ ನೋಡಿದ್ದಾಳೆ, ತನ್ನನ್ನು ತಾನೇ ಕೇಳಿಕೊಂಡ ಯಾವುದೋ ಪ್ರಶ್ನೆಗೆ ‘ಹೂಂ’ ಎಂದಿದ್ದಾಳೆ ಎಂದು ತಿಳಿದುಕೊಳ್ಳಬೇಕು. ಬೆರ್ಗೆನ್ ಪಟ್ಟಣದಿಂದ ಉತ್ತರಕ್ಕೆ ನಮ್ಮ ಕರಾವಳಿಯ ಜನ ಹೂಂ ಎನ್ನುವುದೇ ಹಾಗೆ, ಉಸಿರನ್ನು ಒಳಗೆಳೆದುಕೊಂಡು. ಉಳಿದವರಲ್ಲಿ ಅದು ಇದ್ದೂ ಇಲ್ಲದಂಥ ಸದ್ದು. ಆಸ್ಲೌಗ್ ಎಳೆದುಕೊಂಡರೆ ಮಾತ್ರ ಹತ್ತು ಮಾರು ಆಚೆಯ ಕಡಲಹಕ್ಕಿ ಕತ್ತೆತ್ತುತ್ತಿತ್ತು. ಊರಿಗೆ ಹೊಸಬರಾದವರು ಏನೋ ಅನಾಹುತವಾಯಿತೆಂದು ಓಡಿಬಂದದ್ದೂ ಉಂಟು. ಬಂದವರನ್ನು ಅವಳು ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದಳು, ಯಾಕೆ ಬಂದಿರಿ ಎಂದು ಕೇಳುತ್ತಿರಲಿಲ್ಲ.

ಆ ಬೇಸಿಗೆ ಅವಳಿಗೆ ಎಪ್ಪತ್ಮೂರು. ಅವಳ ಮನೆಯ ಮೇಲಂತಸ್ತಿನಲ್ಲಿ ನಾನು ಬಾಡಿಗೆಗಿದ್ದು ಹದಿನೇಳು ವರ್ಷವಾಗಿತ್ತು. ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನಾದ್ದರಿಂದ ಅವಳ ಬಾಯಲ್ಲಿ ನಾನು ಬರೀ ‘ಮೇಷ್ಟ್ರು’. ಎತ್ತರದ ಹೆಂಗಸು, ಅಗಲ ಭುಜ. ನೆಲದ ಮೇಲೆ ನಡೆಯುವಾಗಲೂ ಕಾಲುಗಳನ್ನು ದೂರದೂರ ಊರಿ, ನೆಲವೇ ಎಲ್ಲಿ ವಾಲಿಬಿಡುವುದೋ ಎಂಬಂತೆ ನಡೆಯುತ್ತಿದ್ದಳು. ಅದಕ್ಕೆ ಕಾರಣವಿತ್ತು. ಮೂವತ್ತಾರು ವರ್ಷ ಅವಳು ದುಡಿದದ್ದು ಕಡಲತೋಳನ್ನು ದಾಟಿಸುವ ಫೆರಿಯ ಮೇಲೆ, ಒಳಬರುವ ಕಾರು ಲಾರಿಗಳಿಗೆ ಕೈಸನ್ನೆ ಮಾಡಿ ಅಂಗುಲದಂಗುಲ ಲೆಕ್ಕದಲ್ಲಿ ನಿಲ್ಲಿಸುವ ಕೆಲಸದಲ್ಲಿ. ನಿವೃತ್ತಿಯಾದ ಮೇಲೆ ಕೈ ಮಾತ್ರ ನಿವೃತ್ತಿಯಾಗಲಿಲ್ಲ. ಊಟಕ್ಕೆ ಬಂದವರನ್ನು ಎರಡು ಅಂಗೈ ಎತ್ತಿ ಮುಂದಕ್ಕೆ ಕರೆದು, ಮುಷ್ಟಿ ಕಟ್ಟಿ ನಿಲ್ಲಿಸಿ, ಕುರ್ಚಿಗೆ ತಂದು ಬಿಡುತ್ತಿದ್ದಳು. ಹಿಂದಿನಿಂದ ಬಂದವನು ಮುಂದಿನವನಿಗೆ ತಾಗುವ ಹಾಗಿಲ್ಲ. ಫೆರಿಯ ಆ ಹಳದಿ ಕೋಟೂ ನಿವೃತ್ತಿಯಾಗಲಿಲ್ಲ. ತೋಳಿನ ಬೆಳ್ಳಿಪಟ್ಟಿಗಳ ಹೊಳಪೆಲ್ಲ ಉದುರಿ ಬೂದಿಯಾಗಿದ್ದರೂ ಜುಲೈ ತಿಂಗಳ ಬಿಸಿಲಿನಲ್ಲೂ ಅದನ್ನೇ ಹಾಕಿಕೊಳ್ಳುತ್ತಿದ್ದಳು. ಸೆಕೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, “ಆಗುತ್ತೆ,” ಎನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು.

ಪ್ರತಿ ಜುಲೈಯಲ್ಲಿ ಎರಡು ವಾರ ‘ತೆರ್ನಾ’ ಎಂಬ ತನ್ನ ಮರದ ದೋಣಿಯಲ್ಲಿ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನು ತುಡುಂ ತುಡುಂ ಎನ್ನುತ್ತಿರಲು, ಅವಳು ಕೊಲ್ಲಿಯಿಂದ ಕೊಲ್ಲಿಗೆ, ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳುಗಳಲ್ಲಿ ಫಿಯೋರ್ಡಿನಿಂದ ಫಿಯೋರ್ಡಿಗೆ ಹೋಗುತ್ತಿದ್ದಳು. ಸಂಜೆಗೆ ಒಂದು ಬೋಳು ಬಂಡೆ, ಅದರ ಮೇಲೆ ಡೇರೆಗಳು, ಹಿಡಿದ ಮೀನು, ಕುದಿಸಿದ ಆಲೂಗಡ್ಡೆ. ಬೆಳಿಗ್ಗೆ ಕಿತ್ತುಕೊಂಡು ಇನ್ನೊಂದು ಬಂಡೆ. ಅವಳ ಅಪ್ಪನ ಕಾಲದಲ್ಲಿ ಮೂರು ದೋಣಿ, ಹತ್ತೊಂಬತ್ತು ಜನ ಹೊರಡುತ್ತಿದ್ದರಂತೆ. ಸತ್ತವರು ಸತ್ತರು, ಕೆಲವರು ವಿಮಾನ ಹತ್ತಿ ಬಿಸಿಲಿನ ದೇಶಗಳಿಗೆ ಹೋಗುವುದನ್ನು ಕಲಿತರು, ಒಬ್ಬಳು ಬೆನ್ನುನೋವೆಂದು ನಿಂತಳು, ಒಬ್ಬ ಏನೂ ಹೇಳದೆ ನಿಂತ. ಕೊನೆಗೆ ಉಳಿದವರು ನಾಲ್ವರು: ಆಸ್ಲೌಗ್, ಅವಳ ತಮ್ಮ ಯೂಸ್ತೈನ್, ಅವನ ಹೆಂಡತಿ ತೂರುನ್, ಮತ್ತು ನಾನು. ಯೂಸ್ತೈನ್ ನಲವತ್ತು ವರ್ಷ ಬೇಕರಿ ನಡೆಸಿದವನು, ಬಾಯಿ ನಿಲ್ಲದವನು. ತೂರುನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಒಂದು ಮಾತಾಡುವುದಕ್ಕೆ ಮುಂಚೆ ಅದು ಬೇಕೇ ಎಂದು ಎರಡು ಸಲ ನೋಡುವವಳು.

ನಿಜ ಹೇಳಬೇಕೆಂದರೆ ನಾವೆಲ್ಲ ಬಹಳ ದಣಿದಿದ್ದೆವು. ಆ ವರ್ಷದ ದಣಿವಲ್ಲ ಅದು, ವರ್ಷವರ್ಷ ಮಡಿಸಿ ಎತ್ತಿಟ್ಟು ಮತ್ತೆ ಬಿಚ್ಚುತ್ತಿದ್ದ ದಣಿವು, ಡೇರೆಯ ಹಾಗೆ. ಹೊರಟ ಮರುದಿನವೇ ಮಳೆ ಹಿಡಿಯಿತು, ಏಳು ದಿನ ಬಿಡಲಿಲ್ಲ. ಮಲಗುವ ಚೀಲಗಳು ಒದ್ದೆ, ಬೆಂಕಿಕಡ್ಡಿ ಒದ್ದೆ, ಬೆಲ್ಲದ ಬಣ್ಣದ ಚೀಸು ಹಚ್ಚಿದ ಒಣರೊಟ್ಟಿಯೂ ಒದ್ದೆ. ಬೆಳಿಗ್ಗೆ ಬಂಗುಡೆ, ಮಧ್ಯಾಹ್ನ ಬಂಗುಡೆ. ಯೂಸ್ತೈನನ ಮಂಡಿ ಬಾಗುತ್ತಿರಲಿಲ್ಲ. ಡೇರೆಯೊಳಗೆ ಹೋಗಬೇಕಾದರೆ ಅವನು ಹಿಮ್ಮುಖವಾಗಿ ಕೂತು ಜರುಗುತ್ತಿದ್ದ. ಆದರೂ ಈ ವರ್ಷಕ್ಕೆ ಸಾಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದದ್ದು ಆಸ್ಲೌಗ್‌ಗೆ, ಮತ್ತು ಆಸ್ಲೌಗ್ ಆಗಲೇ ಹಳದಿ ಕೋಟು ಹಾಕಿಕೊಂಡು ಚುಕ್ಕಾಣಿಯ ಪಕ್ಕ ಕೂತುಬಿಟ್ಟಿರುತ್ತಿದ್ದಳು.

ಅವಳ ದೋಣಿಗೆ ಒಂದು ನಿಯಮವಿತ್ತು. ಧಕ್ಕೆ ಬಿಟ್ಟ ಕೂಡಲೇ ಎಲ್ಲರ ಫೋನುಗಳೂ ಒಂದು ಬಿಸ್ಕತ್ತಿನ ಡಬ್ಬಿಗೆ ಹೋಗಬೇಕು, ಡಬ್ಬಿ ಅವಳ ಕಾಲಡಿಗೆ ಹೋಗಬೇಕು. ನಕ್ಷೆಯೂ ಬೇಕಿಲ್ಲ. ಅವಳು ನಡೆಸುತ್ತಿದ್ದುದು ಅಪ್ಪ ಕಲಿಸಿದ ಜೋಡಿಗುರುತುಗಳ ಮೇಲೆ: ದಡದ ಮೇಲಿನ ಒಂದು ಗುರುತು, ಅದರ ಹಿಂದೆ ದೂರದಲ್ಲಿ ಇನ್ನೊಂದು, ಎರಡೂ ಒಂದರ ನೆತ್ತಿಗೊಂದು ಬಂದು ನಿಂತವೆಂದರೆ ದೋಣಿ ಸರಿಯಾದ ಗೆರೆಯ ಮೇಲಿದೆ. ಇಂಥ ಇಗರ್ಜಿಯ ಗೋಪುರ ಇಂಥ ಗುಡ್ಡದ ಮರೆಯಿಂದ ಈಚೆ ಬರಬೇಕು, ಕೆಂಪು ಕೊಟ್ಟಿಗೆ ಒಂಟಿ ಪೈನ್ ಮರದ ಬುಡಕ್ಕೆ ಬರಬೇಕು. ಇವನ್ನು ನಮ್ಮಲ್ಲಿ ಯಾರೂ ಬರೆದಿಡುವುದಿಲ್ಲ, ಹೊರಗಿನವರಿಗೆ ಹೇಳುವುದಿಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಕಂತೆ. ದೋಣಿ ಯಾರ ಕೈಗೆ ಹೋಗುತ್ತದೋ ಗುರುತುಗಳೂ ಅವರ ಕಿವಿಗೆ ಹೋಗುತ್ತವೆ. ಆಸ್ಲೌಗ್ ತನ್ನವನ್ನು ಇನ್ನೂ ಯಾರ ಕಿವಿಗೂ ಹಾಕಿರಲಿಲ್ಲ. ಯೂಸ್ತೈನ್ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ, ಆಗಾಗ ಕೆಣಕುತ್ತಲೂ ಇದ್ದ.

“ಅಕ್ಕಾ, ನಾಳೆ ನಿನಗೇನಾದ್ರೂ ಆಯ್ತು ಅನ್ನು. ನಾವು ಮನೆಗೆ ಹೇಗೆ ಹೋಗೋದು?”

“ಈಜಿಕೊಂಡು,” ಎನ್ನುತ್ತಿದ್ದಳು.

ನನಗೆ ಗೊತ್ತಿದ್ದ ಒಂದು ವಿಷಯ ಯೂಸ್ತೈನನಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದವರಿಗೆ ತಿಳಿಯುವಂಥದ್ದು. ಎರಡು ವರ್ಷದಿಂದ ಅವಳು ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಕತ್ತು ಓರೆ ಮಾಡಿ, ಹಕ್ಕಿಯ ಹಾಗೆ, ಒಂದು ಪಕ್ಕದಿಂದ ನೋಡುತ್ತಿದ್ದಳು. ಊರಿನವರು ಅದನ್ನು ಗರ್ವವೆಂದುಕೊಂಡರು. ಕಾಫಿ ಬಗ್ಗಿಸುವಾಗ ತೋರುಬೆರಳ ತುದಿಯನ್ನು ಲೋಟದೊಳಕ್ಕೆ ಇಳಿಬಿಟ್ಟು, ಬಿಸಿ ತಾಗಿದ ಕೂಡಲೇ ಕೆಟಲ್ ಎತ್ತುತ್ತಿದ್ದಳು. ಪತ್ರಿಕೆ ಬಂದರೆ, “ಮೇಷ್ಟ್ರೇ, ಇವತ್ತು ಯಾರು ಸತ್ತಿದ್ದಾರೆ ನೋಡಿ,” ಎಂದು ಮೆಟ್ಟಿಲ ಮೇಲಕ್ಕೆ ಕಳಿಸುತ್ತಿದ್ದಳು. ಕಣ್ಣಿನ ನಡುಭಾಗ ಮಸುಕಾಗುತ್ತ ಬರುವ ಕಾಯಿಲೆ ಅದು. ಅಂಚಿನಲ್ಲಿರುವುದು ಕಾಣುತ್ತದೆ, ಯಾವುದನ್ನು ನೋಡಬೇಕೆಂದು ದೃಷ್ಟಿ ನೆಡುತ್ತೀರೋ ಅದೇ ಅಳಿಸಿಹೋಗುತ್ತದೆ. ಡಾಕ್ಟರು ಕಾರು ಓಡಿಸಬೇಡ ಎಂದಿದ್ದರು. ಕಾರನ್ನು ಅವಳು ಮರುದಿನವೇ ಮಾರಿದಳು. ದೋಣಿಯ ವಿಷಯ ಡಾಕ್ಟರು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹಿಂದಿನ ಬೇಸಿಗೆಯಿಂದ ಅವಳು ನನ್ನನ್ನು ದೋಣಿಯ ಮುಂದಿನ ಹಲಗೆಯ ಮೇಲೆ ಕೂರಿಸತೊಡಗಿದ್ದಳು. ಎರಡು ಅಂಗೈ ಎತ್ತಿ ನನ್ನನ್ನು ಅಲ್ಲಿಗೆ ನಡೆಸಿ ನಿಲ್ಲಿಸಿದಾಗ ಹಳೆಯ ಚಾಳಿ ಎಂದುಕೊಂಡೆ. ಆಮೇಲೆ ಮಾತು ಶುರುವಾಯಿತು, ಸುಮ್ಮನೆ ಹರಟೆಯ ಹಾಗೆ. “ಮೇಷ್ಟ್ರೇ, ಆ ಬಲಗಡೆ ಗುಡ್ಡದ ಮೇಲೆ ಹಿಮ ಉಳಿದಿದೆಯಾ?” “ಮೇಷ್ಟ್ರೇ, ಕೊಟ್ಟಿಗೆಗೆ ಈ ವರ್ಷ ಬಣ್ಣ ಹೊಡೆದ ಹಾಗಿದೆ, ಅಲ್ವಾ?” ನಾನು ನೋಡಿ ಹೇಳುತ್ತಿದ್ದೆ. ಹೇಳಿದ ಮರುಕ್ಷಣ ಚುಕ್ಕಾಣಿ ಒಂದು ಗೆಣ್ಣಿನಷ್ಟು ತಿರುಗುತ್ತಿತ್ತು. ಯಾವ ದಿನ ನನಗೆ ಅರ್ಥವಾಯಿತೋ ನೆನಪಿಲ್ಲ. ಅರ್ಥವಾಗಿದೆ ಎಂದು ನಾನು ತೋರಿಸಿಕೊಳ್ಳಲಿಲ್ಲ. ನನಗೆ ಅರ್ಥವಾಗಿರುವುದು ಗೊತ್ತೆಂದು ಅವಳೂ ತೋರಿಸಿಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಚುಕ್ಕಾಣಿಯ ಮೇಲೆ ತನ್ನ ಕೈ ಇರಬೇಕು, ತನ್ನ ಕಣ್ಣು ಹೋಗುತ್ತಿದೆಯೆಂದು ಯಾರೂ ಹೇಳುವಂತಾಗಬಾರದು.

ಒಂಬತ್ತನೆಯ ದಿನ ಮಳೆ ನಿಂತಿತು. ಬಿಸಿಲು ಬಂದ ಕೂಡಲೇ ದಣಿವು ಇನ್ನೂ ಹೆಚ್ಚಾಗುತ್ತದೆ. ಸೆಟೆದುಕೊಂಡಿದ್ದ ಮೈ ಸಡಿಲಬಿಡುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾವು ಒಂದು ಕಿರಿದಾದ ಜಲಸಂಧಿಯ ಬಾಯಿಗೆ ಬಂದಿದ್ದೆವು. ಅದರ ನಡುವೆ ನೀರಿನಡಿ ಉದ್ದಕ್ಕೆ ಮಲಗಿದ ಬಂಡೆಗೆ ನಮ್ಮವರು ‘ಹಂದಿ’ ಎನ್ನುತ್ತಾರೆ. ಹಂದಿಯನ್ನು ತಪ್ಪಿಸಿ ಒಳಹೋಗಲು ಅಪ್ಪನ ಗುರುತು ಬಹಳ ಸುಲಭ: ದೋಣಿ ಎಳೆದಿಡಲು ದಡದಲ್ಲಿ ಕಟ್ಟಿದ ದೋಣಿಮನೆಯ ಬಿಳಿ ಗೋಡೆ, ಹಿಂದಿನ ಬೆಟ್ಟದ ತಗ್ಗಿನ ನೇರ ಕೆಳಕ್ಕೆ ಬರಬೇಕು.

“ಮೇಷ್ಟ್ರೇ, ಬಿಳಿ ಗೋಡೆ ಕಾಣ್ತಿದೆಯಾ?”

ನಾನು ಒದ್ದೆ ಕಾಲುಚೀಲ ಬಿಚ್ಚಿ ಹಲಗೆಯ ಮೇಲೆ ಹರಡುತ್ತಿದ್ದೆ. ಅರ್ಧ ಕತ್ತೆತ್ತಿದೆ. ದಡದಲ್ಲಿ ಬೆಳ್ಳಗೆ ಏನೋ ಹೊಳೆಯಿತು. “ಕಾಣ್ತಿದೆ,” ಎಂದೆ.

ದೋಣಿ ಮೆಲ್ಲಗೆ ಎಡಕ್ಕೆ ತಿರುಗಿತು. ಯೂಸ್ತೈನ್ ಯಾರದೋ ಮದುವೆಯ ಕೇಕು ಉರುಳಿಬಿದ್ದ ಕಥೆ ಹೇಳುತ್ತಿದ್ದ. ಕೇಕು ಇನ್ನೂ ನೆಲ ಮುಟ್ಟಿರಲಿಲ್ಲ, ದೋಣಿಯ ತಳದಲ್ಲಿ ಒಂದು ದೀರ್ಘವಾದ ಕರಕರ ಸದ್ದು ಎದ್ದಿತು. ದೋಣಿ ಮುಂದೆ ಹೋಗುತ್ತಲೇ ಮೇಲಕ್ಕೆ ಎದ್ದು, ನಿಂತು, ಬಲಕ್ಕೆ ನಿಧಾನವಾಗಿ ವಾಲಿತು. ಕೆಟಲ್ ಉರುಳಿತು. ಆಸ್ಲೌಗ್ ಎಂಜಿನ್ ಆರಿಸಿದಳು. ಆಮೇಲೆ ಬಂದ ನಿಶ್ಶಬ್ದದಲ್ಲಿ ನಾನು ಕತ್ತೆತ್ತಿ ಪೂರ್ತಿ ನೋಡಿದೆ. ದೋಣಿಮನೆ ಅಲ್ಲೇ ಇತ್ತು. ಯಾರೋ ಪಟ್ಟಣದವರು ಕೊಂಡುಕೊಂಡು, ಈಗ ಎಲ್ಲರೂ ಮಾಡುವಂತೆ, ಗೋಡೆಗೆಲ್ಲ ಕಪ್ಪು ಬಣ್ಣ ಹೊಡೆಸಿದ್ದರು. ಅದರಿಂದ ನೂರು ಮಾರು ಎಡಕ್ಕೆ, ಬೆಟ್ಟದಲ್ಲಿ ಅಂಥದೇ ಇನ್ನೊಂದು ತಗ್ಗಿನ ನೇರ ಕೆಳಗೆ, ಬೆಳ್ಳಗೆ ನಿಂತಿದ್ದುದು ಕಾರಿಗೆ ಕಟ್ಟಿ ಎಳೆದುತರುವ, ಪ್ರವಾಸಿಗಳ ಒಂದು ಮನೆಬಂಡಿ. ಅದಕ್ಕೆ ಎರಡು ಕಿಟಕಿಗಳಿದ್ದವು, ನೀಲಿ ಪಟ್ಟೆಯಿತ್ತು, ಮುಂದೆ ಚಾಚಿದ ಬಟ್ಟೆಯ ಚಪ್ಪರವಿತ್ತು. ಚಪ್ಪರದಡಿ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡಹೆಂಡಿರು ಎದ್ದು ನಿಂತು ನಮ್ಮನ್ನು ನೋಡುತ್ತಿದ್ದರು.

ತಳ ಒಡೆದಿರಲಿಲ್ಲ. ತೂರುನ್ ಹಲಗೆಗಳನ್ನೆತ್ತಿ, ಕೈಯಾಡಿಸಿ, “ನೀರಿಲ್ಲ,” ಎಂದಳು. ಆದರೆ ಇಳಿತದ ಹೊತ್ತು. ಅರ್ಧ ಇಳಿದಾಗಿತ್ತು, ಇನ್ನರ್ಧ ಇಳಿಯುವುದಿತ್ತು. ಮೂರು ಗಂಟೆ ಕಾಲ ನೀರು ಇಳಿಯಬೇಕು, ಮತ್ತೆ ಮೂರು ಗಂಟೆ ಏರಬೇಕು. ಸಂಜೆ ಐದರವರೆಗೆ ‘ತೆರ್ನಾ’ ಹಂದಿಯ ಬೆನ್ನಿನ ಮೇಲೆ. ಮಧ್ಯಾಹ್ನದ ಹೊತ್ತಿಗೆ ಬಂಡೆ ನೀರಿನಿಂದ ಮೇಲೆದ್ದಿತು, ನಾವು ನಾಲ್ವರೂ ಅದರ ಜಾರು ಪಾಚಿಯ ಮೇಲಿಳಿದು, ದೋಣಿಯ ಹೊಟ್ಟೆಗೆ ಒರಗಿ ಕೂತೆವು. ಫಿಯೋರ್ಡಿನ ನಟ್ಟನಡುವೆ, ಹೊದಿಕೆ ಹಾಸಿಕೊಂಡು.

ಮನೆಬಂಡಿಯ ಗಂಡಸು ರಬ್ಬರ್ ದೋಣಿಯೊಂದಕ್ಕೆ ಗಾಳಿ ತುಂಬಿಕೊಂಡು, ಹುಟ್ಟು ಹಾಕುತ್ತ ಬೆವರಿ ಬಂದ. ಜರ್ಮನಿಯವನು. ಸಹಾಯ ಬೇಕೇ, ಯಾರಿಗಾದರೂ ಪೆಟ್ಟಾಗಿದೆಯೇ, ಫೋನ್ ಮಾಡಲೇ ಎಂದು ಬಹಳ ಕಳಕಳಿಯಿಂದ ಕೇಳಿದ.

“ಏನಿಲ್ಲ, ಏನಿಲ್ಲ,” ಎಂದ ಯೂಸ್ತೈನ್. “ಕಾಫಿ ಕುಡಿಯೋಕೆ ನಿಂತ್ವಿ.”

ಆ ಮನುಷ್ಯ ಪಾಚಿಯನ್ನು ನೋಡಿದ, ವಾಲಿದ ದೋಣಿಯನ್ನು ನೋಡಿದ. “ಇಲ್ಲಿಯಾ?” ಎಂದ.

“ಇಲ್ಲಿ ನೋಟ ಚೆನ್ನಾಗಿದೆ,” ಎಂದಳು ತೂರುನ್.

ಅವನು ಹೋದ ಮೇಲೆ ಮೂವರೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು, ದಣಿದವರು ನಗುವಂತೆ. ಆಸ್ಲೌಗ್ ನಗಲಿಲ್ಲ. ನಾನು ಅವಳ ಪಕ್ಕಕ್ಕೆ ಜರುಗಿ, ತಗ್ಗಿದ ದನಿಯಲ್ಲಿ, “ತಪ್ಪು ನಂದು. ನಾನು ಸರಿಯಾಗಿ ನೋಡಲಿಲ್ಲ,” ಎಂದೆ.

ಅವಳು ನನ್ನ ಕಡೆ ಓರೆಯಾಗಿ ತಿರುಗಿದಳು. “ನೀವು ನೋಡಬೇಕಾಗಿರಲಿಲ್ಲ ಮೇಷ್ಟ್ರೇ,” ಎಂದಳು.

ಮೂರು ಗಂಟೆಯ ಸುಮಾರಿಗೆ ನಮ್ಮೂರಿನ ಮಗ್ನಾರ್ ತನ್ನ ಮೀನುದೋಣಿಯಲ್ಲಿ ಆ ದಾರಿಯಲ್ಲಿ ಬಂದ. ದೂರದಿಂದಲೇ ವೇಗ ತಗ್ಗಿಸಿದ. ಇಂಥ ನೋಟವನ್ನು ಯಾರೂ ಅವಸರದಲ್ಲಿ ದಾಟಿಹೋಗುವುದಿಲ್ಲ.

“ಆಸ್ಲೌಗ್!” ಎಂದು ಕೂಗಿದ. “ಮನೆ ಕಟ್ಟೋಕೆ ಜಾಗ ನೋಡ್ತಿದ್ದೀಯೇನು? ಇಲ್ಲಿ ದಿನಕ್ಕೆರಡು ಸಲ ನೆಲ ತೊಳೆದುಕೊಡ್ತಾರೆ!”

“ನಿನ್ನ ಮನೆಗಿಂತ ಎರಡು ಸಲ ಹೆಚ್ಚು,” ಎಂದ ಯೂಸ್ತೈನ್.

“ಎಳೀಲಾ?”

“ಬೇಡ,” ಎಂದಳು ಆಸ್ಲೌಗ್. “ಎಳೆದ್ರೆ ತಳ ಕಿತ್ತುಬರುತ್ತೆ. ನೀರು ಏರಲಿ.”

ಮಗ್ನಾರ್ ಎಂಜಿನ್ನನ್ನು ಮಂದಗೊಳಿಸಿ ಅಲ್ಲೇ ತೇಲುತ್ತ ನಿಂತ. ಅವನ ಮೋರೆಯಲ್ಲಿ ಪ್ರಶ್ನೆಯಿತ್ತು; ಹಂದಿಯ ಮೇಲೆ ಪ್ರವಾಸಿಗಳು ಹತ್ತುತ್ತಾರೆ, ಆಸ್ಲೌಗ್ ಹತ್ತುವುದಿಲ್ಲ. ಆ ಪ್ರಶ್ನೆಯನ್ನು ಕೇಳಲು ಯೂಸ್ತೈನ್ ಅವನಿಗೆ ಎಡೆಗೊಡಲಿಲ್ಲ. ಅಕ್ಕನ ಮಾನ ಕಾಯಲು ಹೊರಟವನ ಉತ್ಸಾಹದಲ್ಲಿ ಎರಡೂ ತೋಳು ಬೀಸಿ ದಡ ತೋರಿಸಿದ.

“ನೀನೇ ನೋಡು ಮಾರಾಯ! ದೋಣಿಮನೆಗೆ ಮಸಿ ಬಳಿದಿಟ್ಟಿದ್ದಾರೆ, ಪಕ್ಕದಲ್ಲಿ ಬಿಳೀ ಬಂಡಿ ತಂದು ನಿಲ್ಲಿಸಿದ್ದಾರೆ. ಯಾವ ದೇವರು ಬಂದ್ರೂ ಮೋಸಹೋಗ್ತಾನೆ. ನಮ್ಮಪ್ಪ ಆಗಿದ್ರೂ ಅಷ್ಟೇ!”

ಮಗ್ನಾರ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ನೋಡುತ್ತ ಅವನ ಮೋರೆ ಬೆಳಗಿತು. “ಅಯ್ಯೋ, ಹೌದಲ್ಲೋ! ಸರಿಯಾಗಿ ತಗ್ಗಿನ ಕೆಳಗೇ ನಿಲ್ಲಿಸಿದ್ದಾನಲ್ಲ! ನಾನಾಗಿದ್ರೂ ಹತ್ತಿಬಿಡ್ತಿದ್ದೆ. ಪಾಪ. ಈ ಪಟ್ಟಣದವರ ಕಪ್ಪು ಬಣ್ಣ ಒಂದು ದಿನ ಯಾರನ್ನಾದ್ರೂ ಮುಳುಗಿಸುತ್ತೆ, ನೋಡ್ತಾ ಇರು.”

ಎಲ್ಲರಿಗೂ ಸಮಾಧಾನವಾಯಿತು. ಊರು ಮುಟ್ಟಿದ ಕೂಡಲೇ ಮಗ್ನಾರ್ ಅಂಗಡಿಗೆ ಹೋಗುತ್ತಾನೆ, ಕಾಫಿ ಯಂತ್ರದ ಪಕ್ಕ ನಿಲ್ಲುತ್ತಾನೆ, ಕಪ್ಪು ಗೋಡೆಯ ಮತ್ತು ಬಿಳಿ ಬಂಡಿಯ ಕಥೆ ಹೇಳುತ್ತಾನೆ. ಊರು ತಲೆದೂಗುತ್ತದೆ. ಕಥೆಯಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ. ಬರುವ ಜುಲೈಗೆ ಆಸ್ಲೌಗ್ ಮತ್ತೆ ಹಳದಿ ಕೋಟು ಹಾಕಿಕೊಂಡು ಚುಕ್ಕಾಣಿ ಹಿಡಿಯುತ್ತಾಳೆ. ನಾನು ಮುಂದಿನ ಹಲಗೆಯ ಮೇಲೆ ಕೂರುತ್ತೇನೆ. ಇಷ್ಟೆಲ್ಲ ಆ ಒಂದು ಗಳಿಗೆಯಲ್ಲಿ ಸಿದ್ಧವಾಗಿ ಅವಳ ಮುಂದೆ ನಿಂತಿತ್ತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

ಮಗ್ನಾರ್ ಕೈಯೆತ್ತಿ ವಿದಾಯ ಹೇಳಿ, ಎಂಜಿನ್ ಜೋರು ಮಾಡಿದ. ದೋಣಿ ಹತ್ತು ಮಾರು ಹೋಗಿತ್ತು.

“ಮಗ್ನಾರ್, ನಿಲ್ಲು!”

ಆ ದನಿ ಫೆರಿಯ ಮೇಲಿನದು, ಲಾರಿ ಡ್ರೈವರುಗಳನ್ನು ನಿಲ್ಲಿಸುತ್ತಿದ್ದ ದನಿ. ಮಗ್ನಾರ್ ನಿಂತ. ಆಸ್ಲೌಗ್ ಎದ್ದು, ಕಾಲುಗಳನ್ನು ದೂರದೂರ ಊರಿ, ಪಾಚಿಬಂಡೆಯ ಅಂಚಿನವರೆಗೂ ನಡೆದಳು.

“ಆ ಬಂಡಿಗೆ ಕಿಟಕಿ,” ಎಂದಳು. “ಇದೆಯಾ?”

“ಇದೆ... ಎರಡಿದೆ.”

“ಜನ ಕೂತಿದ್ದಾರಾ ಮುಂದೆ?”

“ಕೂತಿದ್ದಾರೆ. ಯಾಕೆ?”

“ನನಗೆ ಕಾಣಲಿಲ್ಲ. ಈಗ್ಲೂ ಕಾಣ್ತಿಲ್ಲ. ನಿನ್ನ ಮೋರೆಯೂ ಕಾಣ್ತಿಲ್ಲ, ದನಿ ಮೇಲೆ ನೀನು ಅಂತ ಗೊತ್ತಾಯ್ತು. ಎರಡು ವರ್ಷ ಆಯ್ತು. ಅಂಗಡೀಲಿ ಹೇಳ್ತೀಯಲ್ಲ, ಹೇಳೋದಾದ್ರೆ ಸರಿಯಾಗಿ ಹೇಳು. ಬಂಡಿ ಮೇಲೆ ಹಾಕ್ಬೇಡ. ಇದು ಗೊತ್ತಿದ್ದೂ ನಾನು ಮೂರು ಜನರನ್ನ ಕೂರಿಸ್ಕೊಂಡು ಬಂದೆ.”

ಮಗ್ನಾರ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. “ನಾನು ಯಾರಿಗೂ ಹೇಳಲ್ಲ ಆಸ್ಲೌಗ್,” ಎಂದ.

“ಹೇಳ್ಬೇಕು. ನಾನೇ ಹೇಳ್ತಾ ತಿರುಗೋಕೆ ನನಗೆ ಶಕ್ತಿ ಇಲ್ಲ.”

ಅವನು ಹೋದ. ನೀರು ಏರಲು ಶುರುವಾಗಿ, ಪಾಚಿಯ ಎಳೆಗಳು ಒಂದೊಂದಾಗಿ ಎದ್ದು ತೇಲತೊಡಗಿದವು. ಸುಮ್ಮನಿರುವುದು ಗೊತ್ತಿಲ್ಲದ ಯೂಸ್ತೈನ್ ಮಂಡಿಯನ್ನು ತಿಕ್ಕುತ್ತ ಕೂತಿದ್ದ. ಕೊನೆಗೆ ತೂರುನ್ ಮಾತಾಡಿದಳು.

“ಹೋದ ವರ್ಷವೇ ಅನಿಸಿತ್ತು. ನೀನು ಕಾಫಿಲಿ ಬೆರಳು ಇಡ್ತೀಯಲ್ಲ.”

“ಮತ್ತೆ ಹೇಳಲಿಲ್ಲ?”

“ನೀನು ಈ ಎರಡು ವಾರಕ್ಕೋಸ್ಕರವೇ ವರ್ಷವಿಡೀ ಕಾಯ್ತೀಯ ಅಂದ್ಕೊಂಡೆ.”

“ನಾನಾ?” ಎಂದಳು ಆಸ್ಲೌಗ್. “ನನ್ನ ಬೆನ್ನು ನೆಟ್ಟಗಾಗದೆ ಐದು ವರ್ಷ ಆಯ್ತು. ಯೂಸ್ತೈನ್ ಕಾಯ್ತಾನೆ ಅಂತ ಹೊರಡ್ತಿದ್ದೆ. ಅಪ್ಪ ಹೋದ ಮೇಲೆ ಇವನಿಗೆ ಇದೊಂದೇ ಉಳಿದಿತ್ತಲ್ಲ.”

ಯೂಸ್ತೈನ್ ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ತನ್ನ ಬಾಗದ ಮಂಡಿಯನ್ನು ನೋಡಿದ. “ನನಗೆ ಡೇರೆ ಅಂದ್ರೆ ಚಿಕ್ಕಂದಿನಿಂದ್ಲೂ ಆಗಲ್ಲ,” ಎಂದ. ಯಾರೂ ನಗಲಿಲ್ಲ. ನಗಬೇಕಾಗಿದ್ದ ಮಾತೇ, ಆದರೆ ಲೆಕ್ಕಕ್ಕೆ ಸಿಗದಷ್ಟು ಒದ್ದೆ ಬೆಳಗುಗಳು ಆ ಮಾತಿನ ಹಿಂದೆ ಸಾಲಾಗಿ ನಿಂತಿದ್ದವು.

ಐದಕ್ಕೆ ‘ತೆರ್ನಾ’ ಅಲುಗಾಡಿತು, ನೆಟ್ಟಗಾಯಿತು, ತೇಲಿತು. ಹತ್ತಿಕೊಂಡೆವು. ಯೂಸ್ತೈನ್ ಅಭ್ಯಾಸವಿಲ್ಲದ ಗಾಂಭೀರ್ಯದಿಂದ ಚುಕ್ಕಾಣಿಯ ಕಡೆ ಹೊರಟಿದ್ದ. ಆಸ್ಲೌಗ್ ಅವನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿ, “ತೂರುನ್, ನೀನು ಬಾ,” ಎಂದಳು.

“ನಾನು ನಿನ್ನ ತಮ್ಮ ಕಣಕ್ಕ!”

“ಹೌದು. ನೀನು ಮಾತಾಡ್ತೀಯ. ಚುಕ್ಕಾಣಿ ಹಿಡಿದೋರು ನೋಡ್ಬೇಕು.”

ಆಮೇಲೆ ಡಬ್ಬಿ ತೆಗೆದು ಫೋನುಗಳನ್ನು ಅವರವರಿಗೆ ಹಂಚಿದಳು. ಮನೆಗೆ ಎರಡು ದಿನದ ದಾರಿ. ಯೂಸ್ತೈನನ ಫೋನಿನಲ್ಲಿ ನಕ್ಷೆ ತೆರೆದಿತ್ತು, ನೀಲಿಯ ಮೇಲೆ ನಮ್ಮ ದೋಣಿ ಒಂದು ಚುಕ್ಕೆಯಾಗಿ ತೆವಳುತ್ತಿತ್ತು. ಆದರೂ ತೂರುನ್, “ನೀನು ಹೇಳು,” ಎಂದಳು. ಆಸ್ಲೌಗ್ ಎಂಜಿನ್ ಪೆಟ್ಟಿಗೆಯ ಮೇಲೆ, ಹೋಗುವ ದಿಕ್ಕಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತು ಹೇಳತೊಡಗಿದಳು. ಈಗ ಬಲಕ್ಕೆ ಒಂದು ಕೆಂಪು ಕೊಟ್ಟಿಗೆ ಬರುತ್ತೆ, ಬಂತಾ? ಅದರ ಹಿಂದೆ ಒಂಟಿ ಪೈನ್ ಮರ, ಕಡಿದುಬಿಟ್ಟಿದ್ದಾರಾ? ಬುಡ ಇದೆಯಾ? ಬುಡ ಸಾಕು. ಅರವತ್ತು ವರ್ಷದ ಕರಾವಳಿ ಅವಳ ಮುಚ್ಚಿದ ಕಣ್ಣೊಳಗೆ ಒಂದು ಕಲ್ಲೂ ಕದಲದೆ ಇತ್ತು. ಎದುರಿಗಿದ್ದ ಕರಾವಳಿ ಮಾತ್ರ ಅಲ್ಲಲ್ಲಿ ಬದಲಾಗಿಹೋಗಿತ್ತು. ತೂರುನ್ ನೋಡಿದ್ದನ್ನು ನೋಡಿದಂತೆ ಹೇಳುತ್ತಿದ್ದಳು, ಇಲ್ಲದ್ದನ್ನು ಇಲ್ಲ ಎನ್ನುತ್ತಿದ್ದಳು. ಸಮಾಧಾನಕ್ಕೆಂದು ಒಂದು ಮಾತೂ ಸೇರಿಸುತ್ತಿರಲಿಲ್ಲ. ನಾನು ಎರಡು ಬೇಸಿಗೆ ಮಾಡಿದ ಕೆಲಸ ಎಷ್ಟು ಕಳಪೆಯಾಗಿತ್ತೆಂದು ನನಗೆ ಆಗ ತಿಳಿಯಿತು.

ಆ ಎರಡು ದಿನ ಅವಳು ಬಹಳ ನಿದ್ದೆ ಮಾಡಿದಳು. ಮಾತಿನ ನಡುವೆ, ಊಟದ ನಡುವೆ, ಎಂಜಿನ್ನಿಗೆ ಒರಗಿ, ಬಾಯಿ ತೆರೆದುಕೊಂಡು. ಹದಿನೇಳು ವರ್ಷದಲ್ಲಿ ಅವಳು ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಮಲಗಿದವಳ ಮೇಲೆ ಯೂಸ್ತೈನ್ ತನ್ನ ಒಣಗಿದ ಹೊದಿಕೆ ಹೊದಿಸಿ, ಕೇಕಿನ ಕಥೆಯನ್ನು ಪಿಸುದನಿಯಲ್ಲಿ ನನಗೊಬ್ಬನಿಗೇ ಹೇಳಿ ಮುಗಿಸಿದ.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಒಂದು ಮನೆಯ, ಒಂದು ಬಳಗದ ಯಾವುದೋ ಹಳೆಯ ರೂಢಿಯನ್ನು ತಾವು ಕೈಬಿಟ್ಟರೆ ಉಳಿದವರು ಅನಾಥರಾಗುತ್ತಾರೆ ಎಂದು ನಂಬಿ, ವರ್ಷಗಟ್ಟಲೆ ಅದನ್ನು ಹೊತ್ತು ನಡೆಯುವವರು. ನಾವೂ ಅವರಿಗೆ ನೋವಾದೀತೆಂದು ಹೊರೆಯ ಇನ್ನೊಂದು ತುದಿಗೆ ಹೆಗಲು ಕೊಟ್ಟು ಹಿಂದೆ ನಡೆಯುತ್ತೇವೆ; ನಡುವೆ ತೂಗುತ್ತಿರುವುದು ಯಾರಿಗೂ ಬೇಡವಾದದ್ದೆಂದು ಯಾರೂ ಕೇಳಿ ತಿಳಿಯುವುದಿಲ್ಲ. ಅವರನ್ನು ದಣಿಸುವುದು ಹೊರೆಯಲ್ಲ. ಮೂವತ್ತಾರು ವರ್ಷ ಫೆರಿಯ ಮೇಲೆ ನಿಂತವಳಿಗೆ ಎರಡು ವಾರದ ದೋಣಿ ಯಾವ ಲೆಕ್ಕ? ದಣಿಸುವುದು, ದಣಿದಿಲ್ಲವೆಂದು ತೋರಿಸಿಕೊಳ್ಳುವ ಕೆಲಸ. ಅದಕ್ಕೆ ರಜೆ ಇಲ್ಲ, ನಿವೃತ್ತಿಯಿಲ್ಲ. ಅದನ್ನು ಕೆಳಗಿಳಿಸಬೇಕಾದರೆ, ಎಲ್ಲರೂ ಕೂಡಿ ಕ್ಷಮಿಸಲು ಸಿದ್ಧರಾದ ಗಳಿಗೆಯಲ್ಲಿ ಆ ಕ್ಷಮೆಯನ್ನು ಬೇಡವೆನ್ನಬೇಕಾಗುತ್ತದೆ. ಹೆಚ್ಚಿನವರಿಗೆ ಅದು ಸಾಧ್ಯವಾಗುವುದಿಲ್ಲ.

ಊರಿನ ಧಕ್ಕೆಗೆ ಬಂದಾಗ ಮಧ್ಯಾಹ್ನ. ಸಾಮಾನುಗಳನ್ನು ಮೇಲೆ ಎತ್ತಿಟ್ಟೆವು. ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ನಮ್ಮನ್ನು ನೋಡಿ, ಮಾತು ನಿಲ್ಲಿಸಿ, ಸ್ವಲ್ಪ ಹೆಚ್ಚಾಗಿಯೇ ಆದರದಿಂದ ತಲೆಬಾಗಿಸಿದರು. ಮಗ್ನಾರ್ ಸರಿಯಾಗಿಯೇ ಹೇಳಿದ್ದ. ಆಸ್ಲೌಗ್ ಅವರ ಕಡೆ ತಿರುಗಲಿಲ್ಲ, ಕಂಡಿತೋ ಇಲ್ಲವೋ. ತೂರುನ್ ದೋಣಿಯ ಹಗ್ಗ ಕಟ್ಟುತ್ತಿದ್ದಳು. ಯೂಸ್ತೈನ್ ಅಕ್ಕನ ಹಿಂದೆಯೇ ಕುಂಟುತ್ತ ಬಂದ. ಅವನಿಗೆ ಏನೋ ಕೇಳಬೇಕಾಗಿತ್ತು, ಎರಡು ದಿನದಿಂದ ಧೈರ್ಯ ಬಂದಿರಲಿಲ್ಲ.

“ಅಕ್ಕಾ, ದಾರಿ ಗುರುತುಗಳನ್ನೆಲ್ಲ ಅವಳಿಗೆ ಕೊಟ್ಟೆ, ಸರಿ. ಅಪ್ಪ ಕಾಡ್ ಮೀನು ಹಿಡೀತಿದ್ದ ಜಾಗ ಇದೆಯಲ್ಲ, ದ್ವೀಪದ ಹೊರಗಡೆ? ಅದೊಂದು ನನಗೆ ಹೇಳು. ಬೆಳಿಗ್ಗೆ ಹೋಗಿ ಸಂಜೆ ಬರೋದು, ಅಷ್ಟೇ. ಡೇರೆ ಬೇಡ.”

“ಅದಾ,” ಎಂದಳು ಆಸ್ಲೌಗ್. ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. “ಇಗರ್ಜಿ ಗೋಪುರ ಗುಡ್ಡದ ಮರೆಯಿಂದ ಈಚೆ ಬರಬೇಕು. ಪೂರ್ತಿ ಅಲ್ಲ, ಅರ್ಧ.”

“ಅರ್ಧ. ಸರಿ. ಅದನ್ನ ಅಡ್ಡ ಕತ್ತರಿಸೋ ಇನ್ನೊಂದು ಗೆರೆ?”

“ಇನ್ನೊಂದಕ್ಕೆ ಉತ್ತರಕ್ಕೆ ನೋಡ್ಬೇಕು. ಅಲ್ಲಿ ಎರಡು ಕಲ್ಲು ಇವೆ, ಒಂದು ದೊಡ್ಡದು, ಒಂದು...”

ಅವಳು ನಿಂತಳು, ಮರೆತು ಅಲ್ಲ, ಬೇಕೆಂದೇ. ಹಳದಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ತೋಳು ಕಳಚಿ, ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡಳು. ಬಿಸಿಲು ಚೆನ್ನಾಗಿಯೇ ಇತ್ತು.

“ಒಂದು?” ಎಂದ ಯೂಸ್ತೈನ್. “ಅಕ್ಕಾ, ಒಂದು ಏನು?”

ಅವಳು ಆಗಲೇ ಧಕ್ಕೆಯ ಕಲ್ಲುಹಾದಿಯಲ್ಲಿ ಮನೆಯ ಕಡೆ ನಡೆಯತೊಡಗಿದ್ದಳು, ಅವಸರವಿಲ್ಲದೆ, ಹಿಂತಿರುಗಿ ನೋಡದೆ.